ಅಡುಗೆ ಸೋಡಾ ತಿಂದು ಗುಡ್ಡ ಹತ್ತುವವರು

ಭಾನುವಾರ ಬೆಳಗಿನ ಜಾವ ನಾಲ್ಕು ಗಂಟೆ. ನಂದಿ ಬೆಟ್ಟಕ್ಕೆ ಹೋಗೋಣ ಅಂತ ಗೆಳೆಯನ ಫ್ಲ್ಯಾಟಿಗೆ ಹೋದರೆ, ಅವನು ಸೈಕ್ಲಿಂಗ್ ಜೆರ್ಸಿ ಹಾಕಿಕೊಂಡು ಅಡುಗೆಮನೆಯಲ್ಲಿ ನಿಂತು ಬಟ್ಟಲಲ್ಲಿ ಏನೋ ಕಲಸುತ್ತಿದ್ದ. ಬಿಳಿ ಪುಡಿಗೆ ಅಳತೆ ನೀರು ಹಾಕಿ, ಅದು ಲೋಳೆಯಾಗುವವರೆಗೆ ಹತ್ತು ನಿಮಿಷ ಕಾದು, ಆಮೇಲೆ ಸಬ್ಬಕ್ಕಿಗಿಂತ ಸಣ್ಣ ಗುಳಿಗೆಗಳನ್ನ ಅದರೊಳಗೆ ಸುರಿದ. ಅಗಿಯಬಾರದಂತೆ, ಹಾಗೇ ನುಂಗಬೇಕಂತೆ. ಮಗುವಿಗೆ ರಾಗಿ ಸರಿ ತಿನ್ನಿಸಿದ ಹಾಗೆ ಚಮಚದಲ್ಲಿ ತನಗೆ ತಾನೇ ತಿನ್ನಿಸಿಕೊಂಡ.

ಏನೋ ಇದು ಅಂದೆ.

"ಬೈಕಾರ್ಬ್. ಟೂರ್ ಡಿ ಫ್ರಾನ್ಸ್‌ನವರೇ ತಗೋತಾರೆ" ಅಂದ.

ಸ್ವೀಡನ್ನಿನ ಮೌರ್ಟನ್ ಅನ್ನೋ ಕಂಪನಿ 2023ರಲ್ಲಿ ಮಾರುಕಟ್ಟೆಗೆ ಬಿಟ್ಟ ಮಾಲು. ಹೊರದೇಶದಲ್ಲಿ ನಾಲ್ಕು ಡೋಸಿನ ಡಬ್ಬಿಗೆ 65 ಡಾಲರ್ ಆಸುಪಾಸು. ಅಂದರೆ ಅವನ ಕೈಯಲ್ಲಿದ್ದ ಆ ಒಂದು ಬಟ್ಟಲಿನ ಬೆಲೆ ಸಾವಿರದ ಮುನ್ನೂರು ರೂಪಾಯಿಗೂ ಮೇಲೆ. ಪ್ಯಾಕೆಟ್ ತಿರುಗಿಸಿ ನೋಡಿದೆ. ಸೋಡಿಯಂ ಬೈಕಾರ್ಬೊನೇಟ್. ನನಗೆ ನಗು ತಡೆಯಲಿಕ್ಕೆ ಆಗಲಿಲ್ಲ. ಯಾಕಂದರೆ ನಾನು ರೋಣ ತಾಲ್ಲೂಕಿನವನು. ನಮ್ಮ ಕಡೆ ಆ ಪದಾರ್ಥಕ್ಕೆ ಒಂದೇ ಹೆಸರು: ಸೋಡಾ. ಮಿರ್ಚಿ ಬಜಿಯ ಹಿಟ್ಟಿಗೆ ಹಾಕೋ ಸೋಡಾ. ಗಜೇಂದ್ರಗಡದ ಬಸ್‌ಸ್ಟ್ಯಾಂಡ್ ಕಡೆ ಸಂಜೆ ಐದಕ್ಕೆ ಎಣ್ಣೆಗೆ ಬಿದ್ದು ಉಬ್ಬುತ್ತಲ್ಲ, ಆ ಉಬ್ಬಿನ ಹಿಂದಿರೋ ಸೋಡಾ. ಹೊಟ್ಟೆ ಉಬ್ಬರಿಸಿದರೆ ಅಜ್ಜಿ ಲಿಂಬಿಹಣ್ಣಿನ ನೀರಿಗೆ ಚಿಟಿಕೆ ಹಾಕಿ ಕೊಡುತ್ತಿದ್ದ ಸೋಡಾ.

ನಕ್ಕಿದ್ದು ತಪ್ಪು ಅಂತ ಆಮೇಲೆ ಗೊತ್ತಾಯಿತು. ಅದನ್ನ ಮುಂದೆ ಹೇಳ್ತೀನಿ.

ಮೊದಲು ಸೋಡಾದ ಪರವಾಗಿ ನ್ಯಾಯವಾಗಿ ಮಾತಾಡಿಬಿಡೋಣ. ಇದು ಬೂಟಾಟಿಕೆಯ ಪುಡಿ ಅಲ್ಲ. ಕೆಲಸ ಮಾಡುತ್ತೆ. 1930ರ ದಶಕದಲ್ಲೇ ಹಾರ್ವರ್ಡಿನ ಫಟೀಗ್ ಲ್ಯಾಬೊರೇಟರಿಯವರು ರಕ್ತದ ಕ್ಷಾರೀಯತೆ ಹೆಚ್ಚಿಸಿ ಓಡಿಸಿ ನೋಡಿದ್ದರು. ಜೋರಾಗಿ ಪೆಡಲ್ ತುಳಿದಾಗ ತೊಡೆ ಉರಿಯುತ್ತಲ್ಲ, ಅದಕ್ಕೆ ನಾವು ಜಿಮ್ ಭಾಷೆಯಲ್ಲಿ "ಲ್ಯಾಕ್ಟಿಕ್ ಆಸಿಡ್" ಅಂತೀವಿ. ನಿಜವಾಗಿ ಸ್ನಾಯುವಿನೊಳಗೆ ಸೇರಿಕೊಳ್ಳೋದು ಹೈಡ್ರೋಜನ್ ಅಯಾನುಗಳು, ಅಂದರೆ ಹುಳಿ. ರಕ್ತದಲ್ಲಿರೋ ಬೈಕಾರ್ಬೊನೇಟ್ ಆ ಹುಳಿಯನ್ನ ಹೊರಗೆ ಎಳೆದುಕೊಂಡು ತಣಿಸುತ್ತೆ. ಹೊರಗಿನಿಂದ ಇನ್ನಷ್ಟು ಸೋಡಾ ತಿಂದರೆ ರಕ್ತದ ಈ ಸಾಮರ್ಥ್ಯ ಸ್ವಲ್ಪ ಹೊತ್ತು ಏರುತ್ತೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ 2018ರ ಹೇಳಿಕೆಯಲ್ಲಿ, ಆಟದ ಸಾಮರ್ಥ್ಯಕ್ಕೆ ನೇರವಾಗಿ ಪ್ರಯೋಜನ ಇದೆ ಅಂತ ಒಳ್ಳೆ ಪುರಾವೆ ಇರೋ ಸಪ್ಲಿಮೆಂಟುಗಳು ಅಂತ ಹೆಸರಿಸಿದ್ದು ಐದನ್ನ ಮಾತ್ರ: ಕೆಫೀನ್, ಕ್ರಿಯೇಟಿನ್, ನೈಟ್ರೇಟ್, ಬೀಟಾ-ಅಲನಿನ್, ಮತ್ತೆ ನಮ್ಮ ಮಿರ್ಚಿ ಸೋಡಾ. ಅಂಗಡಿ ತುಂಬ ಜೋಡಿಸಿಟ್ಟ ನೂರಾರು ಡಬ್ಬಿಗಳ ಎದುರು ಇದು ದೊಡ್ಡ ಮರ್ಯಾದೆಯೇ.

ಆದರೆ ಎಲ್ಲಿ ಕೆಲಸ ಮಾಡುತ್ತೆ? ಕ್ರೀಡಾ ಪೋಷಣೆಯ ಅಂತರರಾಷ್ಟ್ರೀಯ ಸಂಘದವರು 2021ರಲ್ಲಿ ಇಷ್ಟು ವರ್ಷದ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ಹೇಳಿದ್ದು: 30 ಸೆಕೆಂಡಿನಿಂದ 12 ನಿಮಿಷದವರೆಗಿನ, ಜೀವ ಬಾಯಿಗೆ ಬರೋ ಹಾಗೆ ತುಳಿಯೋ ಕೆಲಸಗಳಲ್ಲಿ. ದೇಹದ ತೂಕದ ಪ್ರತಿ ಕಿಲೋಗೆ 0.3 ಗ್ರಾಂ, ಒಂದರಿಂದ ಮೂರು ಗಂಟೆ ಮೊದಲು. ಅದಕ್ಕಿಂತ ಉದ್ದದ ಸವಾರಿಯಲ್ಲಿ ಪುರಾವೆ ಮಸುಕು. ಒಂದು ಪ್ರಯೋಗದಲ್ಲಿ, ಚೆನ್ನಾಗಿ ತರಬೇತಿ ಪಡೆದ ಗಂಡಸರು ಈ ಲೋಳೆ ರೂಪದ ಸೋಡಾ ತಿಂದು 40 ಕಿ.ಮೀ. ಟೈಮ್ ಟ್ರಯಲ್‌ನಲ್ಲಿ ಒಂದು ನಿಮಿಷಕ್ಕಿಂತ ತುಸು ಕಡಿಮೆ ಉಳಿಸಿದರು. ಇಲ್ಲ ಅನ್ನಲ್ಲ. ಅವರು ಗಂಟೆ ಹೊತ್ತು ಮಿತಿ ಮುಟ್ಟಿ ತುಳಿಯೋ ಜನ. ಟೂರ್ ಡಿ ಫ್ರಾನ್ಸ್‌ನವರು ತಗೋತಾರೆ, ಸರಿ. ಅವರು ನಿದ್ದೆ, ಊಟ, ಟೈರಿನ ಗಾಳಿ, ಬಟ್ಟೆಯ ಹೊಲಿಗೆ ಎಲ್ಲ ಮುಗಿಸಿ, ಇನ್ನೇನೂ ಉಳಿದಿಲ್ಲ ಅಂದಾಗ ಕೊನೆಗೆ ಸೋಡಾಕ್ಕೆ ಬಂದವರು.

ನಾವು? ನನ್ನ ಗೆಳೆಯ ಹಿಂದಿನ ರಾತ್ರಿ ಪ್ರೊಡಕ್ಷನ್ ಇಶ್ಯೂ ಅಂತ ಒಂದು ಗಂಟೆವರೆಗೂ ಲ್ಯಾಪ್‌ಟಾಪ್ ಮುಂದೆ ಇದ್ದ. ಮಲಗಿದ್ದು ಎರಡೂವರೆ ತಾಸು. ನಂದಿ ಬೆಟ್ಟ ಹತ್ತಲಿಕ್ಕೆ ಅವನಿಗೆ 42 ನಿಮಿಷ ಹಿಡಿಯುತ್ತೆ. ಸೋಡಾ ಅವನಿಗೆ ಒಂದೂವರೆ ಪರ್ಸೆಂಟ್ ಲಾಭ ಕೊಟ್ಟಿತು ಅಂತಲೇ ಇಟ್ಕೊಳ್ಳಿ, ಉಳಿಯೋದು 38 ಸೆಕೆಂಡು. ಅವತ್ತು ಮೂವತ್ತೇಳನೇ ತಿರುವಿನಲ್ಲೋ ಎಲ್ಲೋ ಮಂಜಿನ ಫೋಟೋ ತೆಗೀಲಿಕ್ಕೆ ನಿಂತಿದ್ದೇ ಎರಡು ನಿಮಿಷ.

ಇನ್ನು ಬ್ರೆವೆ ಮಂದಿ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಟೈಮ್ ಕೊಡ್ತಾರೆ. ಅಂದರೆ ಗಂಟೆಗೆ ಸುಮಾರು 15 ಕಿ.ಮೀ., ನಡುವೆ ಇಡ್ಲಿ-ವಡೆಗೂ ಸೇರಿಸಿ. ಬ್ರೆವೆ ಬಗ್ಗೆ ನನಗೆ ಅಪಾರ ಗೌರವ, ನಾನೂ ಮಾಡಿದ್ದೀನಿ, 300ರಲ್ಲಿ ಅರ್ಧಕ್ಕೆ ಬಿಟ್ಟು ಲಾರಿ ಹತ್ತಿ ಬಂದಿದ್ದೀನಿ. ಆದರೆ ಅಲ್ಲಿ ನಿಮ್ಮನ್ನ ಸೋಲಿಸೋದು ಸ್ನಾಯುವಿನ ಹುಳಿ ಅಲ್ಲ. ಹಸಿವು, ಬಿಸಿಲು, ಕೂತ ಜಾಗದ ಹುಣ್ಣು, ರಾತ್ರಿ ಮೂರರ ನಿದ್ದೆ. ಇವ್ಯಾವಕ್ಕೂ ಸೋಡಾ ಮದ್ದಲ್ಲ. ಬ್ರೆವೆಗೆ ಬೈಕಾರ್ಬ್ ತಿಂದು ಹೊರಟವನನ್ನ ನಾನು ಕಣ್ಣಾರೆ ನೋಡಿದ್ದೀನಿ. 60ನೇ ಕಿಲೋಮೀಟರಿನಲ್ಲಿ ಅವನು ಪೆಟ್ರೋಲ್ ಬಂಕ್ ಹುಡುಕುತ್ತಿದ್ದ, ಪೆಟ್ರೋಲಿಗಲ್ಲ.

ಅದಕ್ಕೂ ಲೆಕ್ಕ ಇದೆ. 70 ಕೆ.ಜಿ. ಮನುಷ್ಯನಿಗೆ 21 ಗ್ರಾಂ ಸೋಡಾ ಆಯಿತು. ಅದರಲ್ಲಿ ಸೋಡಿಯಂ ಪಾಲು ನೂರಕ್ಕೆ ಇಪ್ಪತ್ತೇಳು, ಅಂದರೆ ಐದೂಮುಕ್ಕಾಲು ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ದಿನಕ್ಕೆ 2 ಗ್ರಾಂ ಸೋಡಿಯಮ್ಮಿಗಿಂತ ಕಡಿಮೆ. ಹತ್ತಿರ ಹತ್ತಿರ ಮೂರು ದಿನದ ಪಾಲು ಒಂದು ಬಟ್ಟಲಲ್ಲಿ. ಅಷ್ಟು ಉಪ್ಪಿನಂಶ ಕರುಳಿಗೆ ಇಳಿದರೆ ಅದು ಮೈಯೊಳಗಿನ ನೀರನ್ನ ತನ್ನ ಕಡೆಗೆ ಎಳೆದುಕೊಳ್ಳುತ್ತೆ. ಪರಿಣಾಮ ಗೊತ್ತೇ ಇದೆ. ಜೊತೆಗೆ ಹೊಟ್ಟೆಯ ಹುಳಿ ಸಿಕ್ಕಷ್ಟಕ್ಕೂ ಗ್ಯಾಸು. ಆ 21 ಗ್ರಾಂ ಪೂರ್ತಿ ಹುಳಿ ಜೊತೆ ಕೂಡಿದರೆ ಆರು ಲೀಟರ್ ಇಂಗಾಲದ ಡೈಆಕ್ಸೈಡ್. ಪೂರ್ತಿ ಕೂಡೋದಿಲ್ಲ, ಅಷ್ಟು ಹುಳಿ ಹೊಟ್ಟೆಯಲ್ಲಿ ಇರಲ್ಲ, ಆದರೆ ಕಾಲುಭಾಗ ಆದರೂ ಸಾಕಲ್ಲ. ಆ ಸ್ವೀಡನ್ ಕಂಪನಿ ಮಾರೋದು ಸೋಡಾ ಅಲ್ಲ. ಹೊಟ್ಟೆ ದಾಟೋವರೆಗೂ ಸೋಡಾವನ್ನ ಮುಚ್ಚಿಡೋ ಲೋಳೆಯನ್ನ. ಜಾಣತನದ ಎಂಜಿನಿಯರಿಂಗ್, ಒಪ್ಪಿಕೊಳ್ತೀನಿ. ಸೋಡಿಯಂ ಮಾತ್ರ ಅಷ್ಟೇ ಇರುತ್ತೆ. ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಬಿಪಿ 140 ಬಂದಿದೆ ಅಂತ ಉಪ್ಪಿನಕಾಯಿ ಬಿಟ್ಟ ಮೂವತ್ತೈದರ ಮಂದಿ ಇದನ್ನ ತಿನ್ನುತ್ತಿದ್ದಾರೆ ಅನ್ನೋದು ನನಗೆ ಇನ್ನೂ ಅರ್ಥ ಆಗಿಲ್ಲ.

(ಸೋಡಿಯಂ ಹೆಚ್ಚಾದರೆ ಏನಾಗುತ್ತೆ ಅಂತ ನರಗುಂದದ ಕಡೆಯ ರೈತರನ್ನ ಕೇಳಬೇಕು. ಕಾಲುವೆ ನೀರು ನಿಂತು ಸವುಳು-ಜವುಳಾದ ಎರೆ ಹೊಲದಲ್ಲಿ ಮಣ್ಣು ನೀರು ಕುಡಿಯೋದನ್ನೇ ಬಿಡುತ್ತೆ, ಒಣಗಿದರೆ ಕಲ್ಲು. ಜಿಪ್ಸಂ ಸುರಿದು ಸೋಡಿಯಂ ತೊಳೆಯಲಿಕ್ಕೆ ಅವರು ದುಡ್ಡು ಕೊಡ್ತಾರೆ. ನಮ್ಮ ರೋಣ ಕಡೆ ಕಥೆ ಬೇರೆ. ಬೋರ್ ನೀರಲ್ಲಿ ಫ್ಲೋರೈಡ್. ಅಂತರ್ಜಲದಲ್ಲಿ ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿದ್ದು ಕ್ಯಾಲ್ಸಿಯಂ ಕಡಿಮೆ ಇದ್ದ ಕಡೆ ಕಲ್ಲಿನ ಫ್ಲೋರೈಡ್ ಸುಲಭವಾಗಿ ಕರಗುತ್ತೆ. ನಮ್ಮ ಅಜ್ಜನ ಕಂದು ಹಲ್ಲು, ಮಡಚಲಾಗದ ಮೊಣಕಾಲು ನೋಡಿ ಬೆಳೆದವನು ನಾನು. ಹಾಗಾಗಿ "ಕ್ಷಾರೀಯ ನೀರು ಒಳ್ಳೇದು" ಅಂತ ಯಾರಾದರೂ ಬಾಟಲಿ ತೋರಿಸಿದರೆ ನನಗೆ ಮೈ ಉರಿಯುತ್ತೆ.)

ಈಗ ನಾನು ನಕ್ಕಿದ್ದು ಯಾಕೆ ತಪ್ಪು ಅನ್ನೋ ವಿಷಯ.

ನಮ್ಮ ಅಕ್ಕನನ್ನ ಗಜೇಂದ್ರಗಡಕ್ಕೆ ಕೊಟ್ಟಿದೆ. ಅವಳ ಮಗನಿಗೆ ಈಗ ಹದಿನೈದು. ಸೈಕಲ್ ಹುಚ್ಚು. ನಮ್ಮ ಕಡೆ ಇದು ವಿಚಿತ್ರ ಅಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಈ ಪಟ್ಟಿಯೇ ಕರ್ನಾಟಕದ ಸೈಕ್ಲಿಂಗ್. ರಾಷ್ಟ್ರೀಯ ಸ್ಪರ್ಧೆಗೆ ಹೋಗೋ ರಾಜ್ಯ ತಂಡದ ಪಟ್ಟಿಯಲ್ಲಿ ಅಡ್ಡಹೆಸರುಗಳನ್ನ ಓದಿದರೆ ಸಾಕು, ಯಾವ ಮಣ್ಣಿನ ಮಕ್ಕಳು ಅಂತ ಗೊತ್ತಾಗುತ್ತೆ. ರೈತರ, ಕೂಲಿಯವರ, ನೇಕಾರರ ಮಕ್ಕಳು. ಕ್ರೀಡಾ ವಸತಿ ನಿಲಯಕ್ಕೆ ಸೇರಿದರೆ ಊಟ, ಶಾಲೆ, ಸೈಕಲ್ಲು, ಮುಂದೆ ರೈಲ್ವೆಯಲ್ಲೋ ಪೊಲೀಸಲ್ಲೋ ಸ್ಪೋರ್ಟ್ಸ್ ಕೋಟಾ ನೌಕರಿ. ಬೆಂಗಳೂರಿನವರಿಗೆ ಸೈಕಲ್ಲು ಭಾನುವಾರದ ಚಟ. ಅಲ್ಲಿ ಅದು ಹೊಟ್ಟೆಪಾಡಿನ ದಾರಿ. ಈ ವ್ಯತ್ಯಾಸ ಮರೆತು ಮಾತಾಡೋರ ಜೊತೆ ನನಗೆ ಮಾತೇ ಬೇಡ ಅನಿಸುತ್ತೆ. ಮರೆತವನು ನಾನೇ ಆಗಿದ್ದೆ ಅನ್ನೋದು ಇಲ್ಲಿಯ ತೊಂದರೆ.

ನಾನು ಹೊಸ ಕಾರ್ಬನ್ ಸೈಕಲ್ ತಗೊಂಡಾಗ ಹಳೇ ಅಲ್ಯೂಮಿನಿಯಂ ರೋಡ್‌ಬೈಕನ್ನ ಸ್ಲೀಪರ್ ಬಸ್ಸಿನ ಡಿಕ್ಕಿಗೆ ಹಾಕಿ ಅವನಿಗೆ ಕಳಿಸಿದ್ದೆ. ಅದರ ಮೇಲೆ ಅವನು ದಿನಾ ಬೆಳಿಗ್ಗೆ ಗಾಳಿಯಂತ್ರಗಳಿರೋ ಗುಡ್ಡದ ಕಡೆ ಹೋಗಿ ಬರ್ತಿದ್ದ. ಗಾಳಿಯಂತ್ರ ಅಲ್ಲಿ ಸುಮ್ಮನೆ ನಿಲ್ಲಿಸಿಲ್ಲ ಸ್ವಾಮಿ. ಆ ಎದುರುಗಾಳಿಯಲ್ಲಿ ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕು. ಗದಗ ಜಿಲ್ಲೆಯೊಳಗೆ ಒಂದು ಆಯ್ಕೆ ಸ್ಪರ್ಧೆ ಇತ್ತು, ನರಗುಂದದ ಹತ್ತಿರದ ರಸ್ತೆಯಲ್ಲಿ 20 ಕಿ.ಮೀ. ಟೈಮ್ ಟ್ರಯಲ್. ಅದಕ್ಕೆ ಮೂರು ವಾರ ಮೊದಲು ಫೋನ್ ಮಾಡಿದ.

"ಮಾಮಾ, ಹಿಂದಿನ ಗಾಲಿ ಗರಗರ ಅಂತೈತಿ. ಇಲ್ಲಿ ಪಂಚರ್ ಅಂಗಡ್ಯಾವ ಬಿಚ್ಚಿ ನೋಡಿದ. ಬೇರಿಂಗ್ ಹೋಗ್ಯಾವಂತ. ಈ ನಂಬರಿಂದು ಇಲ್ಲಿ ಸಿಗಂಗಿಲ್ಲಂತ."

"ನೋಡೋಣು ತಮ್ಮಾ, ಕಳಸ್ತೀನಿ" ಅಂದೆ. ಆಮೇಲೆ ಉತ್ಸಾಹದಲ್ಲಿ ಬೈಕಾರ್ಬ್ ಕಥೆ ಹೇಳಿದೆ. ನಗಿಸಲಿಕ್ಕೇ ಹೇಳಿದ್ದು. ಬೆಂಗಳೂರಿನವರು ಸಾವಿರದ ಮುನ್ನೂರು ಕೊಟ್ಟು ಮಿರ್ಚಿ ಸೋಡಾ ತಿಂತಾರಲೇ ಅಂತ. ಕಿಲೋಗೆ 0.3 ಗ್ರಾಂ ಅನ್ನೋದನ್ನೂ, ಟೂರ್ ಡಿ ಫ್ರಾನ್ಸ್‌ನವರು ತಗೋತಾರೆ ಅನ್ನೋದನ್ನೂ ಹೇಳಿದೆ. ನನಗೆ ಗೊತ್ತಿದೆ ಅಂತ ತೋರಿಸಿಕೊಳ್ಳೋ ಚಪಲ ಇರುತ್ತಲ್ಲ. ಹುಡುಗ ನಕ್ಕ. ಅವನು ನಕ್ಕಿದ್ದು ನನಗೆ ಕೇಳಿಸಿತು, ಲೆಕ್ಕ ಹಾಕಿದ್ದು ಕೇಳಿಸಲಿಲ್ಲ.

ಅವನ ತೂಕ 50 ಕೆ.ಜಿ. ಹದಿನೈದು ಗ್ರಾಂ. ಮೂರು ಸಣ್ಣ ಚಮಚ. ಸ್ಪರ್ಧೆಯ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ನೀರಿಗೆ ಕಲಸಿ, ಹೊರಡೋ ಅರ್ಧ ತಾಸು ಮೊದಲು ಮೂಗು ಹಿಡಿದು ಕುಡಿದಿದ್ದಾನೆ. ನಾಲ್ಕನೇ ಕಿಲೋಮೀಟರಿಗೆ ವಾಂತಿ. ಏಳನೇ ಕಿಲೋಮೀಟರಿಗೆ ಸೈಕಲ್ ರಸ್ತೆ ಪಕ್ಕ ಮಲಗಿಸಿ ಹೊಲದ ಕಡೆ ಓಡಿದ್ದಾನೆ. ತಿರುಗಿ ಬಂದು ಮತ್ತೆ ಹತ್ತಿದ್ದಾನೆ, ಪೂರ್ತಿ ಮಾಡಿದ್ದಾನೆ, ಕೊನೆಯಿಂದ ಎರಡನೆಯವನಾಗಿ. ಆಯ್ಕೆ ಆಗಲಿಲ್ಲ. ಮುಂದಿನ ವರ್ಷ ವಯಸ್ಸಿನ ವರ್ಗ ಬದಲಾಗುತ್ತೆ, ಎದುರಿಗೆ ದೊಡ್ಡ ಹುಡುಗರು.

ಸಂಜೆ ಅಕ್ಕ ಫೋನ್ ಮಾಡಿದಳು. ಬೈಗುಳ ನಿರೀಕ್ಷೆ ಮಾಡಿದ್ದೆ. ಅವಳು ಬೈಯಲಿಲ್ಲ, ಅದು ಇನ್ನೂ ಕಷ್ಟ.

"ತಮ್ಮಾ, ನಮ್ಮ ಮನ್ಯಾಗ ಎರಡು ಸೋಡಾ ಇರ್ತಾವ. ಒಂದು ತಿನ್ನು ಸೋಡಾ, ಒಂದು ಅರಿಬಿ ಒಗಿಯು ಸೋಡಾ. ಎರಡೂ ಬಿಳಿ, ಎರಡೂ ಒಂದ ನಾಗೊಂದಿಗಿ ಮ್ಯಾಲ. ಅಂವ ನಸುಕಿನ್ಯಾಗ ಲೈಟ್ ಹಚ್ಚದ ತಗೊಂಡಾನ. ಯಾವ್ದು ಕೈಗೆ ಸಿಗ್ತಿತ್ತಂತ ನಿನಗ ಗೊತ್ತದನ?"

ಗೊತ್ತು. ಒಗೆಯೋ ಸೋಡಾ ಅಂದರೆ ಸೋಡಿಯಂ ಕಾರ್ಬೊನೇಟ್. ಹೆಸರಲ್ಲಿ ಒಂದು 'ಬೈ' ವ್ಯತ್ಯಾಸ. ಅದು ಗಂಟಲು, ಅನ್ನನಾಳ ಸುಡುತ್ತೆ. ಮೂರು ಚಮಚ ಖಾಲಿ ಹೊಟ್ಟೆಗೆ. ನಾನು ಅವತ್ತು ರಾತ್ರಿ ಮಲಗಲಿಲ್ಲ.

ಈಗ ನನ್ನ ಜಗಳ ಯಾರ ಜೊತೆ ಅಂತ ಹೇಳಬಹುದು. ಸೋಡಾ ಜೊತೆ ಅಲ್ಲ. ವಿಜ್ಞಾನದ ಜೊತೆ ಅಂತೂ ಅಲ್ಲವೇ ಅಲ್ಲ. ಅಂಗಡಿಗಿಂತ ಮೊದಲು ಬಾಯಿಗೆ ಬರೋ ಅರ್ಧ ವಿಜ್ಞಾನದ ಜೊತೆ. ನಮ್ಮಂಥ ಸಂಬಳದಾರ ಸೈಕ್ಲಿಸ್ಟುಗಳು ದಿನಾ ಸ್ಟೇಟಸ್‌ನಲ್ಲಿ, ರೀಲ್‌ನಲ್ಲಿ, ಕಾಫಿ ಸ್ಟಾಪಿನಲ್ಲಿ ಹರಡೋ ಮಾತಿನ ಜೊತೆ. ನಾವು ಹೇಳೋ "ಒನ್ ಪರ್ಸೆಂಟ್ ಗೇನ್" ಮಾತು ನಮಗೆ ಆಟ. ತಪ್ಪಿದರೆ ನಮಗೆ ಹೋಗೋದು ಒಂದು ಭಾನುವಾರ. ಅದೇ ಮಾತು ಮೊಬೈಲಿನಲ್ಲಿ ರೋಣಕ್ಕೆ, ಗಜೇಂದ್ರಗಡಕ್ಕೆ ತಲುಪಿದಾಗ ಅಲ್ಲಿ ಅದನ್ನ ಕೇಳೋ ಹುಡುಗನ ಹತ್ತಿರ ಲೋಳೆ ಇಲ್ಲ, ತೂಕದ ಯಂತ್ರ ಇಲ್ಲ, ಮೊದಲು ಟ್ರೇನಿಂಗ್‌ನಲ್ಲಿ ಸ್ವಲ್ಪ ತಗೊಂಡು ನೋಡು, ರೇಸಿನ ದಿನ ಹೊಸದೇನೂ ತಿನ್ನಬೇಡ ಅಂತ ಹೇಳೋರು ಇಲ್ಲ. ಇರೋದು ಟೂರ್ ಡಿ ಫ್ರಾನ್ಸ್ ಅನ್ನೋ ಹೆಸರು, ನಾಗೊಂದಿಗೆ ಮೇಲಿನ ಎರಡು ಡಬ್ಬಿ.

"ಹಂಗಾದ್ರೆ ಹಳ್ಳಿ ಹುಡುಗರಿಗೆ ಸ್ಪೋರ್ಟ್ಸ್ ಸೈನ್ಸ್ ಬೇಡವಾ? ಜೋಳದ ರೊಟ್ಟಿ ತಿಂದು ಗೆಲ್ಲಲಿ ಅಂತೀಯಾ?" ಅಂತ ಗೆಳೆಯ ಕೇಳಿದ. ಈ ರೊಟ್ಟಿ ರೊಮ್ಯಾಂಟಿಸಿಸಂ ನನಗೂ ಆಗಿಬರಲ್ಲ. ಹಳ್ಳಿ ಊಟ ತಿಂದವರು ಹುಟ್ಟಾ ಗಟ್ಟಿ ಅನ್ನೋದು ಹಳ್ಳಿ ಬಿಟ್ಟು ಬಂದವರು ಹೇಳೋ ಸುಳ್ಳು. ನಮ್ಮ ಮನೆಯಲ್ಲಿ ಮೊಟ್ಟೆ ಇಲ್ಲ, ಹಾಲು ಡೇರಿಗೆ ಹೋಗುತ್ತೆ, ಬೇಳೆ ಸಾರಿನ ತಳದಲ್ಲಿ ಇರುತ್ತೆ. ಬೆಳೆಯೋ ಹುಡುಗ ದಿನಾ ಎರಡು ತಾಸು ಎದುರುಗಾಳಿಗೆ ಸೈಕಲ್ ತುಳಿದರೆ ಅವನಿಗೆ ಬೇಕಾದ್ದು ಬರೀ ರೊಟ್ಟಿ-ಪಲ್ಯದಲ್ಲಿ ಬರಲ್ಲ. ವಿಜ್ಞಾನ ಬೇಕು. ಬೇಕಾದ ವಿಜ್ಞಾನ ಸೋಡಾದ್ದಲ್ಲ ಅಷ್ಟೇ.

ನಾವು ಕೋಡ್ ಬರೆಯೋರು. ನಿಧಾನ ಆಗಿರೋ ಸಿಸ್ಟಮ್ ಸಿಕ್ಕರೆ ಮೊದಲು ಏನ್ ಮಾಡ್ತೀವಿ? ಪ್ರೊಫೈಲರ್ ಹಾಕ್ತೀವಿ. ಸಮಯ ಎಲ್ಲಿ ಹೋಗ್ತಿದೆ ಅಂತ ನೋಡ್ತೀವಿ. ನೂರರಲ್ಲಿ ಎಂಬತ್ತು ಭಾಗ ಡೇಟಾಬೇಸ್ ಕ್ವೆರಿಯಲ್ಲಿ ಹೋಗ್ತಿದ್ದಾಗ ಲೂಪಿನೊಳಗಿನ ಒಂದು ಕೂಡಿಸೋ ಲೆಕ್ಕವನ್ನ ಚುರುಕು ಮಾಡೋ ಜೂನಿಯರನ್ನ ಕೋಡ್ ರಿವ್ಯೂನಲ್ಲಿ ಉಗೀತೀವಿ. ಹನ್ನೆರಡು ವರ್ಷದಿಂದ ಈ ಕೆಲಸ ಮಾಡಿ ಸಂಬಳ ತಗೊಂಡ ನಾನು ನನ್ನ ಅಳಿಯನ ವಿಷಯದಲ್ಲಿ ಮಾಡಿದ್ದು ಅದನ್ನೇ. ಹಿಂದಿನ ಗಾಲಿ ಗರಗರ ಅಂತೈತಿ ಅಂತ ಹುಡುಗ ತಾನೇ ಬಾಟಲ್‌ನೆಕ್ ತೋರಿಸಿದ. ನಾನು ಅವನಿಗೆ ಲೂಪಿನೊಳಗಿನ ಸೋಡಾ ಕಲಿಸಿದೆ. ಬೇರಿಂಗ್ ಕಳಿಸಿರಲೇ ಇಲ್ಲ. ಆ ಮೂರು ವಾರದಲ್ಲಿ ನಾನು ನನಗೆ ಒಂದು ಜೊತೆ ಸಾಕ್ಸ್ ಆರ್ಡರ್ ಮಾಡಿದ್ದೆ, ಗಾಳಿ ಸೀಳೋ ಸಾಕ್ಸ್.

ಇನ್ನೊಂದು ಮಾತು. ಇದನ್ನ ಸೈಕ್ಲಿಂಗ್ ಗುಂಪುಗಳಲ್ಲಿ ಹೇಳಿದರೆ ಮುಖ ತಿರುಗಿಸ್ತಾರೆ. ಸೋಡಾ ನಿಷಿದ್ಧ ಅಲ್ಲ. ಮನುಷ್ಯರಿಗೆ ಅಲ್ಲ. ರೇಸ್ ಕುದುರೆಗಳಿಗೆ ನಿಷಿದ್ಧ. ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ ಸೋಡಾ-ಸಕ್ಕರೆ ನೀರು ಸುರಿಯೋ ಮೋಸಕ್ಕೆ ಕುದುರೆ ರೇಸಿನವರು "ಮಿಲ್ಕ್‌ಶೇಕ್" ಅಂತಾರೆ. ರಕ್ತದಲ್ಲಿ ಒಟ್ಟು ಇಂಗಾಲದ ಡೈಆಕ್ಸೈಡ್ ಅಳೆದು ಹಿಡಿಯುತ್ತಾರೆ. ಮನುಷ್ಯನಿಗೆ ಬಿಟ್ಟಿದ್ದಾರೆ, ಇರಲಿ. ನನ್ನ ಹೆದರಿಕೆ ಸೋಡಾದ್ದಲ್ಲ, ಅದರ ಹಿಂದೆ ಬರೋ ಅಭ್ಯಾಸದ್ದು. ರೇಸಿಗೆ ಮೊದಲು ಒಂದು ಬಿಳಿ ಪುಡಿ ಕಲಸಿ ಕುಡಿಯೋದು ಮಾಮೂಲಿ ಅಂತ ಹದಿನೈದರ ಹುಡುಗನಿಗೆ ಒಮ್ಮೆ ಅನಿಸಿದರೆ, ಎರಡನೇ ಪುಡಿ ಯಾವುದು ಅಂತ ಅವನು ಕೇಳಲ್ಲ. ಯಾರೋ ಸೀನಿಯರ್ "ಇದು ಪ್ರೀ-ವರ್ಕೌಟ್" ಅಂತ ಲೇಬಲ್ ಇಲ್ಲದ ಡಬ್ಬಿ ಕೊಡ್ತಾನೆ. ವಾಡಾ ಸಂಸ್ಥೆಯ 2023ರ ಲೆಕ್ಕದಲ್ಲಿ ಭಾರತದ 5,606 ಸ್ಯಾಂಪಲ್ಲುಗಳಲ್ಲಿ 213 ಪಾಸಿಟಿವ್, ನೂರಕ್ಕೆ 3.8. ಹೆಚ್ಚು ಪರೀಕ್ಷೆ ಮಾಡೋ ದೇಶಗಳಲ್ಲಿ ಇದೇ ಅತಿ ಕೆಟ್ಟ ಪ್ರಮಾಣ. ನಿಯಮ ಏನಂದರೆ, ನಿನ್ನ ಮೈಯಲ್ಲಿ ಸಿಕ್ಕಿತಾ, ಜವಾಬ್ದಾರಿ ನಿನ್ನದು. ಡಬ್ಬಿಯೊಳಗೆ ಬೆರಕೆ ಇತ್ತು, ಗೊತ್ತಿರಲಿಲ್ಲ ಅಂದರೆ ಬಿಡೋದಿಲ್ಲ. ರೈಲ್ವೆ ನೌಕರಿಯ ಕನಸು ಅಲ್ಲಿಗೆ ಮುಗೀತು. ಬೆಂಗಳೂರಿನ ನನ್ನ ಗೆಳೆಯನ ಮೂತ್ರ ಪರೀಕ್ಷೆ ಮಾಡಲಿಕ್ಕೆ ಯಾರೂ ಬರಲ್ಲ.

ಸೋಡಾ ನಿಜಕ್ಕೂ ಎಲ್ಲಿ ಕೆಲಸಕ್ಕೆ ಬರುತ್ತೆ ಹೇಳಿ? ಟ್ರ್ಯಾಕ್ ಸೈಕ್ಲಿಂಗ್‌ನಲ್ಲಿ. ಒಂದು ನಿಮಿಷದ ಕಿಲೋ, ನಾಲ್ಕು ನಿಮಿಷದ ಪರ್ಸ್ಯೂಟ್, ಲೆಕ್ಕಕ್ಕೆ ಹೇಳಿ ಮಾಡಿಸಿದ ಹಾಗೆ. ಆ ರೇಸಿಗೆ ಬೇಕಾದ್ದು ವೆಲೋಡ್ರೋಮ್. ವಿಜಯಪುರದಲ್ಲಿ ಕಟ್ಟುತ್ತೇವೆ ಅಂತ ಹೊರಟ ವೆಲೋಡ್ರೋಮ್ ಎಷ್ಟು ವರ್ಷ ಎಳೆಯಿತು ಅಂತ ಅಲ್ಲಿಯ ಸೈಕ್ಲಿಸ್ಟುಗಳನ್ನ ಕೇಳಿ. ಅಷ್ಟು ವರ್ಷವೂ ನಮ್ಮ ಹುಡುಗ-ಹುಡುಗಿಯರು ತುಳಿದಿದ್ದು ಲಾರಿ ಓಡಾಡೋ ಹೆದ್ದಾರಿಯಲ್ಲಿ. ಬಂಕ್ ಮಾಡಿದ ಟ್ರ್ಯಾಕ್ ಹೇಗಿರುತ್ತೆ ಅಂತ ಮೊದಲು ನೋಡಿದ್ದು ಸ್ಪರ್ಧೆಗೆ ಅಂತ ದೆಹಲಿಗೋ ಪಂಜಾಬಿಗೋ ಹೋದಾಗ. ಸೋಡಾ ಉಪಯೋಗಕ್ಕೆ ಬರೋ ಜಾಗವನ್ನ ಅಷ್ಟು ವರ್ಷ ಕಟ್ಟಿಕೊಟ್ಟಿರಲಿಲ್ಲ. ಸೋಡಾ ಮಾತ್ರ ಮೊಬೈಲಿನಲ್ಲಿ ತಲುಪಿದೆ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಅಳಿಯನ ಜೊತೆ ಗುಡ್ಡದ ಕಡೆ ಹೋದೆ, ನನ್ನ ಕಾರ್ಬನ್ ಸೈಕಲ್ ಬೆಂಗಳೂರಲ್ಲೇ ಬಿಟ್ಟು, ಅವನ ಗೆಳೆಯನ ಗೇರ್ ಸೈಕಲ್ ಇಸ್ಕೊಂಡು. ಮೊದಲ ಏರಿನಲ್ಲೇ ನನ್ನನ್ನ ಬಿಟ್ಟು ಹೋದ. ಗರಗರ ಶಬ್ದ ದೂರ ಆಗ್ತಾ ಹೋಗಿದ್ದು ಕೇಳಿಸುತ್ತಿತ್ತು. ಮೇಲೆ ಗಾಳಿಯಂತ್ರದ ಕೆಳಗೆ ಕೂತು ಅಕ್ಕ ಕಟ್ಟಿಕೊಟ್ಟ ಶೇಂಗಾ ಉಂಡಿ ತಿಂದೆವು. ಹಿಂದಿನ ಗಾಲಿ ಎತ್ತಿ ಕೈಯಲ್ಲಿ ತಿರುಗಿಸಿದೆ. ನಾಲ್ಕು ಸುತ್ತಿಗೆ ನಿಂತುಬಿಟ್ಟಿತು. ಸರಿಯಿರೋ ಗಾಲಿ ನಿಮಿಷದ ಮೇಲೆ ತಿರುಗಬೇಕು. ಇಂಥ ಗಾಲಿಯ ಮೇಲೆ ಇವನು ಏಳು ತಿಂಗಳು ತುಳಿದಿದ್ದ.

"ಸೋಡಾ ಕುಡೀದಿದ್ರ ಆಗ್ತಿತ್ತೇನ್ ಮಾಮಾ?" ಅಂತ ಕೇಳಿದ.

ಆಗ್ತಿತ್ತೋ ಇಲ್ಲೋ, ನನಗೆ ಉತ್ತರ ಇರಲಿಲ್ಲ. ಫೋನ್ ತೆಗೆದು ಬೇರಿಂಗ್ ನಂಬರ್ ಫೋಟೋ ಹೊಡ್ಕೊಂಡೆ. ಹಿಂದಿನ ಹಬ್ಬಿಗೆ ಎರಡು, ಫ್ರೀಹಬ್ಬಿಗೆ ಎರಡು. ಗುಡ್ಡದ ಮೇಲೆ ನೆಟ್‌ವರ್ಕ್ ಚೆನ್ನಾಗಿದೆ, ಅಲ್ಲೇ ಆರ್ಡರ್ ಮಾಡಿದೆ, ವಿಳಾಸ ಅಕ್ಕನ ಮನೆಯದು. ನಾಲ್ಕೂ ಸೇರಿ ಗೆಳೆಯನ ಒಂದು ಬಟ್ಟಲಿಗಿಂತ ಕಡಿಮೆ ಆಯಿತು.

ನಿನ್ನೆ ಫೋನ್ ಬಂತು. "ಮಾಮಾ, ಪಾರ್ಸಲ್ ಬಂತು. ಮೂರ ಅದಾವು. ಇನ್ನೊಂದು ಯಾವಾಗ ಬರತೈತಿ?"